ಹೆಬ್ಬೆರಳಿಗೂ ಬೇಕು ಬಾಣಂತನ

ಮಗುವಿಗೆ ಆರನೇ ವಾರ. ತಿಪಟೂರಿನ ತವರುಮನೆಯ ಅಡುಗೆಮನೆಯಲ್ಲಿ ಮೆಂತ್ಯದ ಡಬ್ಬಿಯ ಮುಚ್ಚಳ ತಿರುಗಿಸಹೋದೆ. ಬಲಗೈ ಹೆಬ್ಬೆರಳಿನ ಬುಡದಿಂದ ಮೊಣಕೈ ಕಡೆಗೆ ಚಳಕ್ ಅಂತ ಓಡಿದ ನೋವಿಗೆ ಡಬ್ಬಿ ಕೈಜಾರಿತು. ನೆಲದ ತುಂಬಾ ಮೆಂತ್ಯ. ಅದನ್ನು ಬಳಿದೆತ್ತುವ ಮೊದಲೇ ಮನೆಯಲ್ಲಿ ತೀರ್ಪುಗಳು ಬರತೊಡಗಿದವು.

“ತಣ್ಣೀರ್ ಮುಟ್ಟಿದೀಯ ಕಣೇ ನೀನು. ಹೇಳಿದ್ ಮಾತು ಕೇಳಿದ್ರೆ ತಾನೆ?” ಅಂದರು ಅಜ್ಜಿ.

“ನಮ್ ಕಾಲ್ದಲ್ಲಿ ಹಿಂಗೆಲ್ಲ ಇರ್ಲಿಲ್ಲಪ್ಪ. ಯಾವಾಗ್ ನೋಡಿದ್ರೂ ಆ ಮೊಬೈಲು” ಅಂದಳು ಅಮ್ಮ.

ಸಂಜೆ ತಮ್ಮ ಮೆಡಿಕಲ್ ಸ್ಟೋರಿನಿಂದ ಒಂದು ಸ್ಟ್ರಿಪ್ ಮಾತ್ರೆ ತಂದು ಕೈಗಿಟ್ಟ. ಬಾಣಂತಿಗೆ ಅಂತ ಹೇಳಿದೆಯೇನೋ ಅಂದರೆ, “ಕೈನೋವಿಗೆ ಅಂದೆ, ಕೊಟ್ರು” ಅಂದ. ಹಿಂದೆ ತಿರುಗಿಸಿ ಓದಿದೆ. ಅಸಿಕ್ಲೋಫೆನಾಕ್, ಪ್ಯಾರಸಿಟಮಾಲ್, ಸೆರಾಶಿಯೋಪೆಪ್ಟಿಡೇಸ್. ಒಂದು ಮಾತ್ರೆಯಲ್ಲಿ ಮೂರು ಔಷಧಿ. ನೋವು ಇದ್ದದ್ದು ಒಂದೇ ಕಡೆ.

ಇವರ್‍ಯಾರೂ ಪೂರಾ ತಪ್ಪು ಹೇಳಿರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ಮೂಳೆ ಡಾಕ್ಟರು ಎಕ್ಸ್‌ರೇಗೂ ಬರೆಯಲಿಲ್ಲ. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಅದರ ಮೇಲೆ ಮುಷ್ಟಿ ಕಟ್ಟಿ, ಮುಷ್ಟಿಯನ್ನು ಮೆಲ್ಲಗೆ ಕಿರುಬೆರಳಿನ ಕಡೆಗೆ ಬಾಗಿಸಿ ಅಂದರು. ಬಾಗಿಸಿದೆ. ಕಣ್ಣಲ್ಲಿ ನೀರು ಬಂತು. “ಡಿ ಕ್ವರ್ವೇನ್” ಅಂತ ಚೀಟಿಯಲ್ಲಿ ಗೀಚಿದರು. “ನಿಮ್ಮ ಥರದವರು ವಾರಕ್ಕೆ ಇಬ್ಬರು ಮೂವರು ಬರ್ತಾರಮ್ಮ. ಎಲ್ಲರೂ ಬರೋದು ಎರಡು ತಿಂಗಳು ಹಲ್ಲುಕಚ್ಚಿ ತಡ್ಕೊಂಡ ಮೇಲೆ.”

ಮಣಿಕಟ್ಟಿನ ಬೆನ್ನಿನ ಕಡೆ, ಬೆರಳುಗಳನ್ನು, ಮಣಿಕಟ್ಟನ್ನು ಮೇಲೆತ್ತುವ ಸ್ನಾಯುರಜ್ಜುಗಳು ಹಾದುಹೋಗಲು ಆರು ಸಣ್ಣ ಸುರಂಗಗಳಿವೆ. ಹೆಬ್ಬೆರಳಿನ ಪಕ್ಕ, ಮೂಳೆಯ ಸಣ್ಣ ಗುಬುಟು ಕೈಗೆ ಸಿಗುತ್ತದಲ್ಲ, ಅದರ ಮೇಲಿರುವುದು ಮೊದಲನೆಯ ಸುರಂಗ. ಅದರೊಳಗೆ ಎರಡು ರಜ್ಜುಗಳು. ಒಂದು ಹೆಬ್ಬೆರಳನ್ನು ಬದಿಗೆ ಎಳೆಯುತ್ತದೆ, ಇನ್ನೊಂದು ನೆಟ್ಟಗೆ ಮಾಡುತ್ತದೆ. ಒಳಲಂಗದ ಪಟ್ಟಿಯೊಳಗೆ ಲಾಡಿ ಓಡಾಡುವ ಹಾಗೆ ಇವು ಸುರಂಗದೊಳಗೆ ಹಿಂದೆ ಮುಂದೆ ಜಾರುತ್ತಿರುತ್ತವೆ. ಪಟ್ಟಿಯ ಬಟ್ಟೆಯೇ ದಪ್ಪಗಾಗಿ ಬಿಗಿದುಕೊಂಡರೆ ಲಾಡಿ ಎಳೆದಾಗಲೆಲ್ಲ ಕಚ್ಚಿಕೊಳ್ಳುತ್ತದೆ. ಇಲ್ಲೂ ಆಗುವುದು ಅದೇ. ಹಿಂದೆ ಇದನ್ನು ಬರೀ ಉರಿಯೂತ ಎಂದು ತಿಳಿದಿದ್ದರು. ಈಗ ರಜ್ಜುಗಳನ್ನು ಸುತ್ತಿರುವ ಆ ಒರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು ಹೇಳುವುದೇನೆಂದರೆ, ಉರಿಯೂತಕ್ಕಿಂತ ಒರೆಯ ಅಂಗಾಂಶ ಸವೆದು ದಪ್ಪಗಾಗುವುದೇ ಹೆಚ್ಚು.

ಫ್ರಿಟ್ಸ್ ಡಿ ಕ್ವರ್ವೇನ್ ಸ್ವಿಟ್ಜರ್ಲೆಂಡಿನ ಶಸ್ತ್ರಚಿಕಿತ್ಸಕ. ಈ ಬೇನೆಯನ್ನು 1895ರಲ್ಲಿ ವಿವರಿಸಿ ಬರೆದ. ಗಳಗಂಡ ತಡೆಯಲು ಅಡುಗೆ ಉಪ್ಪಿಗೆ ಅಯೋಡಿನ್ ಬೆರೆಸಬೇಕೆಂದು ಒತ್ತಾಯಿಸಿದವರಲ್ಲಿ ಅವನೂ ಒಬ್ಬ. ಸಾರಿಗೆ ಉಪ್ಪು ಹಾಕುವಾಗಲೂ, ಆ ಸಾರಿನ ಪಾತ್ರೆ ಇಳಿಸಲಾಗದೆ ಒದ್ದಾಡುವಾಗಲೂ ನೆನೆಯಬೇಕಾದ ಮನುಷ್ಯ. ಮುಷ್ಟಿ ಬಾಗಿಸುವ ಪರೀಕ್ಷೆಗೆ ನ್ಯೂಯಾರ್ಕಿನ ಹ್ಯಾರಿ ಫಿಂಕಲ್‌ಸ್ಟೈನ್ ಹೆಸರು ಅಂಟಿಕೊಂಡಿದೆ. ಆತ 1930ರಲ್ಲಿ ಬರೆದದ್ದು ವೈದ್ಯರೇ ರೋಗಿಯ ಹೆಬ್ಬೆರಳು ಹಿಡಿದು ಎಳೆಯುವ ಕ್ರಮವನ್ನು. ಮುಷ್ಟಿ ಕಟ್ಟಿಸುವುದು ಅದಕ್ಕೂ ಮೂರು ವರ್ಷ ಮೊದಲು ಐಖ್‌ಹಾಫ್ ಎಂಬಾತ ಹೇಳಿದ್ದು. ಮನೆಯಲ್ಲಿ ಮಾಡಿ ನೋಡುವುದಾದರೆ ಎರಡೂ ಕೈಯಲ್ಲಿ ಮಾಡಿ ಹೋಲಿಸಬೇಕು. ಏನೂ ಇಲ್ಲದವರಿಗೂ ಆ ಭಂಗಿ ಸ್ವಲ್ಪ ಎಳೆದಂತೆ ನೋಯುತ್ತದೆ.

ಈ ಬೇನೆಗೆ ಇಂಗ್ಲಿಷಿನಲ್ಲಿ ಇನ್ನೊಂದು ಹಳೆಯ ಹೆಸರಿದೆ. ಕನ್ನಡದಲ್ಲಿ ಹೇಳುವುದಾದರೆ ‘ಅಗಸಗಿತ್ತಿಯ ಉಳುಕು’. ಬಟ್ಟೆ ಹಿಂಡಿ ಹಿಂಡಿ ಬರುವ ನೋವು. ಅದನ್ನು ಓದಿದಾಗ ನನಗೆ ನೆನಪಾದದ್ದು ಅಜ್ಜಿ. “ತಣ್ಣೀರಿಗೆ ಕೈ ಹಾಕ್ಬೇಡ” ಅನ್ನುವ ಅವರ ಕಟ್ಟಪ್ಪಣೆಯನ್ನು ನಾನು ಮೂಢನಂಬಿಕೆಯ ಲೆಕ್ಕಕ್ಕೆ ಸೇರಿಸಿದ್ದೆ. ತಣ್ಣೀರಿನಿಂದ ರಜ್ಜು ಊದುವುದಿಲ್ಲ, ನಿಜ. ಆದರೆ ಬಾಣಂತಿ ತಣ್ಣೀರು ಮುಟ್ಟಬಾರದು ಅಂದರೆ ಏನರ್ಥ? ಅವಳು ಬಟ್ಟೆ ಒಗೆಯುವ ಹಾಗಿಲ್ಲ. ಮಗುವಿನ ಉಚ್ಚೆಬಟ್ಟೆ ದಿನಕ್ಕೆ ಹದಿನೈದು ಇಪ್ಪತ್ತು, ಅವನ್ನು ಹಿಂಡುವ ಹಾಗಿಲ್ಲ. ಪಾತ್ರೆ ತಿಕ್ಕುವ ಹಾಗಿಲ್ಲ. ಕಾರಣ ತಪ್ಪು, ಕಟ್ಟಳೆ ಸರಿ. ನಾನು ಆ ಕಟ್ಟಳೆ ಮುರಿದಿದ್ದೆ. ಡೈಪರ್ ಹಾಕಿದರೆ ಕೆಂಪು ಗುಳ್ಳೆ ಏಳುತ್ತದೆಂದು ಬಟ್ಟೆಯನ್ನೇ ಕಟ್ಟುತ್ತಾ, ಅಮ್ಮನಿಗೆ ಹೊರೆಯಾಗಬಾರದೆಂದು ನಾನೇ ಹಿಂಡಿ ಒಣಹಾಕುತ್ತಿದ್ದೆ.

ಅಮ್ಮನ “ನಮ್ ಕಾಲ್ದಲ್ಲಿ” ಕೂಡ ಹಾಗೇ. ಅವಳ ಬಾಣಂತನದಲ್ಲಿ ಮಗುವಿಗೆ ನೀರು ಹಾಕಲು ಊರಿನ ಸೂಲಗಿತ್ತಿ ಬರುತ್ತಿದ್ದಳಂತೆ. ಮಣೆಯ ಮೇಲೆ ಕೂತು, ಎರಡೂ ಕಾಲು ನೀಡಿ, ಕಾಲಿನ ಮೇಲೇ ಮಗುವನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುವ ಆ ಭಂಗಿಯನ್ನು ಒಮ್ಮೆ ಗಮನಿಸಿ. ಮಗುವಿನ ಭಾರವೆಲ್ಲ ಕಾಲಿನ ಮೇಲೆ, ಕೈಗೆ ಉಜ್ಜುವ ಕೆಲಸ ಮಾತ್ರ. ಈಗ ನಾವು ಪ್ಲಾಸ್ಟಿಕ್ ಟಬ್ಬಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಕೈಯಲ್ಲಿ ಜಾರುವ ಮಗುವಿನ ಕುತ್ತಿಗೆ ಹಿಡಿದು, ಇನ್ನೊಂದು ಕೈಯಲ್ಲಿ ನೀರು ಸುರಿಯುತ್ತೇವೆ. ಮಗುವನ್ನು ಎತ್ತುವವರು, ತೂಗುವವರು, ಬಟ್ಟೆ ಬದಲಿಸುವವರು ಆಗ ಮನೆತುಂಬಾ ಇದ್ದರು. ತಾಯಿ ಮಲಗಿದಲ್ಲೇ ಹಾಲು ಕೊಡುತ್ತಿದ್ದಳು. ಎಲ್ಲರ ಮನೆಯಲ್ಲೂ ಹೀಗಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ತಿಂಗಳಿಗೇ ಮಗುವನ್ನು ಮರದ ಕೊಂಬೆಯ ಜೋಲಿಗೆ ಹಾಕಿ ಕಳೆ ಕೀಳಲು ಇಳಿದ ಹೆಂಗಸರ ಮಣಿಕಟ್ಟನ್ನು ಯಾರೂ ಕೇಳಲಿಲ್ಲ, ಅಷ್ಟೆ.

ಒಂದು ಲೆಕ್ಕ ಹಾಕಿ. ಎಳೆಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಪ್ರತಿಸಲ ಎತ್ತಬೇಕು, ತೇಗು ತರಿಸಲು ಹೆಗಲಿಗೆ ಹಾಕಬೇಕು, ಮತ್ತೆ ಮಲಗಿಸಬೇಕು. ಬಟ್ಟೆ ಬದಲಿಸುವುದು, ಅಳು ಸಮಾಧಾನ ಮಾಡುವುದು ಸೇರಿದರೆ ದಿನಕ್ಕೆ ನಲವತ್ತು ಸಲ ಎತ್ತುವುದು ದೊಡ್ಡದಲ್ಲ. ನಾಲ್ಕು ಕಿಲೋ ಮಗು ಅಂದರೆ 160 ಕಿಲೋ. ಮೂರು ಮೂಟೆ ಅಕ್ಕಿಗಿಂತ ಹೆಚ್ಚು. ಮಗು ವಾರವಾರಕ್ಕೂ ತೂಕ ಏರಿಸಿಕೊಳ್ಳುತ್ತದೆ, ಹೆಬ್ಬೆರಳಿನ ರಜ್ಜು ಅದೇ ರಜ್ಜು. ಹೆರಿಗೆಯಾದ ಮೇಲಿನ ಹಾರ್ಮೋನುಗಳ ಏರಿಳಿತ, ಮೈಯಲ್ಲಿ ನೀರು ನಿಲ್ಲುವುದು ಇವುಗಳ ಪಾತ್ರವೂ ಇದೆ ಎನ್ನುತ್ತಾರೆ ವೈದ್ಯರು. ಆದರೆ ಹೆರದೆಯೂ ಮಗು ಎತ್ತುವ ಡೇಕೇರ್ ಆಯಾಗಳಿಗೆ, ಅಜ್ಜ ಅಜ್ಜಿಯರಿಗೆ ಇದು ಬರುವುದನ್ನು ನೋಡಿದರೆ ಭಾರದ ಪಾಲು ಚಿಕ್ಕದಲ್ಲ ಅನ್ನಿಸುತ್ತದೆ.

ಎತ್ತುವ ರೀತಿಯಲ್ಲೇ ಅರ್ಧ ಔಷಧಿ ಇದೆ. ನಾವು ಸಾಮಾನ್ಯವಾಗಿ ಮಗುವಿನ ಎರಡೂ ಕಂಕುಳಿಗೆ ಕೈಕೊಟ್ಟು, ಹೆಬ್ಬೆರಳನ್ನು ಎದೆಯ ಮೇಲೆ ಅಗಲಿಸಿ, ಉಳಿದ ಬೆರಳುಗಳನ್ನು ಬೆನ್ನಿಗಿಟ್ಟು ಎತ್ತುತ್ತೇವೆ. ಅಗಲಿಸಿದ ಹೆಬ್ಬೆರಳು, ಕಿರುಬೆರಳಿನ ಕಡೆಗೆ ಬಾಗಿದ ಮಣಿಕಟ್ಟು, ಮೇಲೆ ಭಾರ. ಡಾಕ್ಟರು ಮಾಡಿಸಿದ ಪರೀಕ್ಷೆಯನ್ನೇ ದಿನಕ್ಕೆ ನಲವತ್ತು ಸಲ ನಾವು ಮಾಡಿಕೊಂಡ ಹಾಗೆ. ಅದರ ಬದಲು ಬೊಗಸೆ. ಒಂದು ಅಂಗೈ ತಲೆ, ಹೆಗಲಿನ ಅಡಿಗೆ, ಇನ್ನೊಂದು ಕುಂಡೆಯ ಅಡಿಗೆ. ಅಂಗೈ ಆಕಾಶ ನೋಡಬೇಕು, ಹೆಬ್ಬೆರಳು ಉಳಿದ ಬೆರಳುಗಳ ಜೊತೆಗೇ ಸೇರಿಕೊಂಡಿರಬೇಕು. ಮೊದಲು ನಾವು ಬಗ್ಗಿ ಮಗುವನ್ನು ಎದೆಗೆ ಒತ್ತಿಕೊಂಡು, ಆಮೇಲೆ ಏಳಬೇಕು. ಆಳದ ತೊಟ್ಟಿಲಿನಿಂದ ಕೈ ಚಾಚಿ ಎತ್ತುವುದು ಎಲ್ಲಕ್ಕಿಂತ ಕೆಟ್ಟದ್ದು. ನೋವು ಇಳಿಯುವವರೆಗೆ ಆ ಕೆಲಸ ಬೇರೆಯವರಿಗೆ ಬಿಡುವುದು ಲೇಸು. ಗಂಡ ಇರುವುದು ಯಾತಕ್ಕೆ?

ಹಾಲು ಕೊಡುವಾಗಲೂ ಅಷ್ಟೆ. ಮಗುವಿನ ತಲೆ ಅಂಗೈಯಲ್ಲಿದ್ದರೆ ಇಪ್ಪತ್ತು ನಿಮಿಷ ಮಣಿಕಟ್ಟು ಬಾಗಿಯೇ ಇರುತ್ತದೆ. ತಲೆ ಮೊಣಕೈ ಮಡಿಕೆಗೆ ಬರಲಿ, ತೋಳಿನ ಕೆಳಗೆ ದಿಂಬು ಬರಲಿ. ತೊಡೆಗೆ ಒಂದು, ಅದರ ಮೇಲೆ ಇನ್ನೊಂದು ದಿಂಬಿಟ್ಟು ಮಗುವೇ ಎದೆಯ ಎತ್ತರಕ್ಕೆ ಬಂದರೆ ಕೈಗೆ ಹಿಡಿಯುವ ಕೆಲಸವೇ ಇರುವುದಿಲ್ಲ. ಮಗುವಿಗೆ ಉಸಿರು ಕಟ್ಟೀತೆಂದು ಮೂಗಿನ ಹತ್ತಿರ ಹೆಬ್ಬೆರಳಿನಿಂದ ಮೊಲೆ ಒತ್ತಿ ಹಿಡಿಯುವ ಅಭ್ಯಾಸ ಬಹಳ ಜನಕ್ಕಿದೆ. ನನಗೂ ಇತ್ತು. ಹಾಗೆ ಒತ್ತುವ ಬದಲು ಮಗುವಿನ ಕುಂಡೆಯನ್ನು ನಮ್ಮ ಹೊಟ್ಟೆಯ ಕಡೆಗೆ ಎಳೆದುಕೊಂಡರೆ ತಲೆ ಸ್ವಲ್ಪ ಹಿಂದಕ್ಕೆ ವಾಲಿ ಮೂಗು ತಾನಾಗಿ ಬಿಡುಗಡೆಯಾಗುತ್ತದೆ. ಪಕ್ಕಕ್ಕೆ ಮಲಗಿ ಕೊಡುವುದು ಕೈಗೆ ಎಲ್ಲಕ್ಕಿಂತ ಹಿತ. ಆದರೆ ಕಣ್ಣು ಎಳೆಯುತ್ತಿದ್ದರೆ ಮನೆಯವರು ಯಾರಾದರೂ ಪಕ್ಕದಲ್ಲಿರಲಿ, ದಪ್ಪ ರಜಾಯಿ ದೂರವಿರಲಿ. ಕೈಯಿಂದ ಒತ್ತುವ ಹಾಲಿನ ಪಂಪು ಇಟ್ಟುಕೊಂಡವರು ಅದನ್ನು ಕೆಲವು ವಾರ ಮೂಲೆಗಿಡುವುದೇ ಸರಿ. ಮೊಬೈಲು? ಅಮ್ಮನೇ ಗೆದ್ದಳು ಅಂದುಕೊಳ್ಳಿ. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ತಳ್ಳುತ್ತಾ ಹೋಗುವ ಫೋನು. ಎರಡೂ ಕೈ ನೋಯಲು ಇನ್ನೇನು ಬೇಕು.

ಡಾಕ್ಟರು ಕೊಟ್ಟದ್ದು ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಪಟ್ಟಿ. ಇದು ಮುಖ್ಯ. ಬರೀ ಮಣಿಕಟ್ಟಿಗೆ ಸುತ್ತುವ ಕ್ರೇಪ್ ಬ್ಯಾಂಡೇಜಿನಿಂದ ಹೆಬ್ಬೆರಳಿಗೆ ವಿಶ್ರಾಂತಿ ಸಿಗುವುದಿಲ್ಲ. ಕಟ್ಟಿಕೊಂಡು ಮನೆಗೆ ಬಂದವಳನ್ನು ಅಜ್ಜಿ ಮೇಲಿಂದ ಕೆಳಗೆ ನೋಡಿದರು. “ಹೊಟ್ಟೆಗ್ ಬಟ್ಟೆ ಕಟ್ಕೊಳ್ಳೇ ಅಂದ್ರೆ ಕೈಗ್ ಕಟ್ಕೊಂಡ್ ಬಂದವ್ಳೆ!” ಅದರ ವೆಲ್ಕ್ರೋ ಅಂಚು ಮಗುವಿನ ಕೆನ್ನೆಗೆ ತರಚುತ್ತಿತ್ತು. ಹಳೆಯ ಹತ್ತಿ ಕಾಲುಚೀಲದ ತುದಿ ಕತ್ತರಿಸಿ, ಹೆಬ್ಬೆರಳಿಗೊಂದು ತೂತು ಮಾಡಿ, ಮೇಲೆ ಏರಿಸಿಕೊಂಡ ಮೇಲೆ ಸರಿಹೋಯಿತು. ಸಾಮಾನ್ಯವಾಗಿ ಮೂರರಿಂದ ಆರು ವಾರ ಕಟ್ಟಬೇಕು. ದಿನಕ್ಕೆರಡು ಸಲ ಬಿಚ್ಚಿ, ನೋಯದಷ್ಟು ಮಾತ್ರ ಬೆರಳಾಡಿಸಬೇಕು, ಇಲ್ಲದಿದ್ದರೆ ಕೀಲು ಬಿಗಿದುಕೊಳ್ಳುತ್ತದೆ.

ಇನ್ನು ಆ ಮಾತ್ರೆಯ ಸ್ಟ್ರಿಪ್ಪಿನ ವಿಷಯ. ಹಾಲೂಡಿಸುವ ತಾಯಂದಿರು ಇಲ್ಲಿ ಎರಡು ತಪ್ಪುಗಳ ನಡುವೆ ಸಿಕ್ಕಿಕೊಂಡಿರುತ್ತಾರೆ. ಹಾಲಿಗೆ ಇಳಿಯುತ್ತದೆಂದು ಹೆದರಿ ಏನನ್ನೂ ನುಂಗದೆ ನರಳುವುದು ಒಂದು. ಅಂಗಡಿಯವರು ಕೊಟ್ಟದ್ದನ್ನು ನುಂಗಿಬಿಡುವುದು ಇನ್ನೊಂದು. ತಾಯಿ ನುಂಗಿದ ಔಷಧಿ ಹಾಲಿಗೆ ಎಷ್ಟು ಇಳಿಯುತ್ತದೆ ಅನ್ನುವುದು ಔಷಧಿಯಿಂದ ಔಷಧಿಗೆ ಬೇರೆ. ಐಬುಪ್ರೊಫೇನ್ ರಕ್ತದ ಪ್ರೋಟೀನಿಗೆ ಎಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆಂದರೆ, ಹಾಲಿಗೆ ದಾಟುವುದು ಅತ್ಯಲ್ಪ. ತೂಕಕ್ಕೆ ತೂಕ ಹೋಲಿಸಿದರೆ ತಾಯಿ ತೆಗೆದುಕೊಂಡ ಪ್ರಮಾಣದ ನೂರಕ್ಕೆ ಒಂದು ಪಾಲೂ ಮಗುವಿಗೆ ಸಿಗುವುದಿಲ್ಲ. ಪ್ಯಾರಸಿಟಮಾಲ್ ಅದಕ್ಕಿಂತ ತುಸು ಹೆಚ್ಚು ಇಳಿದರೂ, ಜ್ವರ ಬಂದ ಮಗುವಿಗೆ ನಾವು ನೇರವಾಗಿ ಕೊಡುವ ಪ್ರಮಾಣಕ್ಕಿಂತ ಎಷ್ಟೋ ಕಡಿಮೆ. ಹಾಲೂಡಿಸುವಾಗ ನೋವಿಗೆ ಮೊದಲು ಕೊಡುವುದು ಇವೆರಡನ್ನೇ. ಡೈಕ್ಲೋಫೆನಾಕ್ ಕೂಡ ಹಾಲಿನಲ್ಲಿ ಕಾಣಿಸುವುದು ಬಹಳ ಕಡಿಮೆ. ಸಿಸೇರಿಯನ್ ಆದವರಿಗೆ ಹೊಲಿಗೆ ನೋವಿಗೆಂದು ಆಸ್ಪತ್ರೆಯಲ್ಲಿ ಕೊಡುವ ಔಷಧಿಗಳಲ್ಲಿ ಅದೂ ಒಂದು. ಇವುಗಳಿಗಾಗಿ ಹಾಲು ಹಿಂಡಿ ಚೆಲ್ಲಬೇಕಾಗಿಲ್ಲ.

ಪ್ಯಾರಸಿಟಮಾಲ್ ದೊಡ್ಡವರಿಗೆ 24 ಗಂಟೆಯಲ್ಲಿ ಒಟ್ಟು 4 ಗ್ರಾಂ ಮೀರಬಾರದು. 50 ಕಿಲೋಗಿಂತ ಕಡಿಮೆ ತೂಕದವರಿಗೆ ಇನ್ನೂ ಕಡಿಮೆ, ನಮ್ಮಲ್ಲಿ ಅಂಥವರು ಬಹಳ. 650ರ ಮಾತ್ರೆಯನ್ನು ಎರಡೆರಡು ನುಂಗುವವರಿದ್ದಾರೆ. ಹಾಗೆ ನಾಲ್ಕು ಸಲ ಆದರೆ 5.2 ಗ್ರಾಂ, ಪಿತ್ತಜನಕಾಂಗಕ್ಕೆ ಅಪಾಯ. ನೆಗಡಿ ಮಾತ್ರೆಯಲ್ಲೂ ಅದೇ ಔಷಧಿ ಅಡಗಿರುತ್ತದೆ ಅನ್ನುವುದು ನೆನಪಿರಲಿ. ಐಬುಪ್ರೊಫೇನ್ ಊಟದ ಮೇಲೆಯೇ ತೆಗೆದುಕೊಳ್ಳಬೇಕು. ಹೊಟ್ಟೆ ಹುಣ್ಣು, ಉಬ್ಬಸ, ಕಿಡ್ನಿ ತೊಂದರೆ ಇದ್ದವರು, ಬಸಿರಿನಲ್ಲೋ ಹೆರಿಗೆಯಾದ ಮೇಲೋ ಬಿ.ಪಿ. ಏರಿದ್ದವರು ಕೇಳದೆ ಮುಟ್ಟಬಾರದು. ಮಗು ದಿನ ತುಂಬುವ ಮೊದಲೇ ಹುಟ್ಟಿದ್ದರೆ ಅಥವಾ ಅದಕ್ಕೆ ಬೇರೆ ಕಾಯಿಲೆಯಿದ್ದರೆ ಮಕ್ಕಳ ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು.

ನನ್ನ ತಮ್ಮ ತಂದ ಮಾತ್ರೆಯಲ್ಲಿ ವಿಷವೇನೂ ಇರಲಿಲ್ಲ. ಆದರೆ ಸೆರಾಶಿಯೋಪೆಪ್ಟಿಡೇಸ್ ಹಾಲೂಡಿಸುವವರಿಗೆ ಸುರಕ್ಷಿತವೇ ಅನ್ನುವುದಕ್ಕೆ ತಕ್ಕ ಮಾಹಿತಿ ಇಲ್ಲ, ಊತಕ್ಕೆ ಅದರಿಂದ ಉಪಯೋಗ ಅನ್ನುವುದಕ್ಕೂ ಗಟ್ಟಿ ಪುರಾವೆ ಇಲ್ಲ. ಒಂದು ಸಾಕಾಗುವಲ್ಲಿ ಮೂರು ಯಾಕೆ? ಕೈನೋವು ಅಂದ ಕೂಡಲೇ ಅಂಗಡಿಗಳಲ್ಲಿ ಕೈಗೆ ಬರುವ ಇನ್ನೊಂದು ನಿಮೆಸುಲೈಡ್. ಪಿತ್ತಜನಕಾಂಗದ ಭಯದಿಂದ 12 ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡುವುದನ್ನು ಭಾರತ 2011ರಲ್ಲೇ ನಿಷೇಧಿಸಿತು. ಅಂಥದ್ದು ಹಾಲಿನ ಮೂಲಕ ಹೋಗುವುದೂ ಬೇಡ. ಟ್ರಮಡಾಲ್, ಕೊಡೀನ್ ಇರುವ ಮಾತ್ರೆಗಳನ್ನು ಹಾಲೂಡಿಸುವ ತಾಯಂದಿರು ತೆಗೆದುಕೊಳ್ಳಬಾರದೆಂದು ಅಮೆರಿಕದ ಔಷಧ ಪ್ರಾಧಿಕಾರ 2017ರಲ್ಲಿ ಎಚ್ಚರಿಸಿತು. ಕೆಲವು ತಾಯಂದಿರ ಮೈ ಅವನ್ನು ಅತಿ ವೇಗವಾಗಿ ಪರಿವರ್ತಿಸಿ, ಮಗು ವಿಪರೀತ ಮಂಪರಿಗೆ ಹೋಗಿ ಉಸಿರಾಟವೇ ಕುಗ್ಗಬಹುದು. ನೋವಿಗೆಂದು ಆಸ್ಪಿರಿನ್ ಕೂಡ ಬೇಡ. ಡಾಕ್ಟರು ಬೇರೆ ಕಾರಣಕ್ಕೆ ಸಣ್ಣ ಪ್ರಮಾಣದಲ್ಲಿ ಬರೆದುಕೊಟ್ಟಿದ್ದರೆ ಅದು ಬೇರೆ ಮಾತು, ಅದನ್ನು ತಾವಾಗಿ ನಿಲ್ಲಿಸಬಾರದು.

ಮಾತ್ರೆಗಿಂತ ನನಗೆ ಹೆಚ್ಚು ದಿಗಿಲು ಹುಟ್ಟಿಸಿದ್ದು ಮುಲಾಮು. ಅಮ್ಮ ರಾತ್ರಿ ಪ್ರೀತಿಯಿಂದ ನೋವಿನ ಬಾಮ್ ತಿಕ್ಕಿ ಬಟ್ಟೆ ಸುತ್ತಿದ್ದಳು. ಒಂದು ಗಂಟೆ ಬಿಟ್ಟು ಮಗು ಹಾಲಿಗೆ ಎದ್ದಿತು. ಎತ್ತಿಕೊಂಡೆ, ತಲೆಗೆ ಕೈಕೊಟ್ಟೆ. ಅದು ಮೂಗು ಸೊಟ್ಟ ಮಾಡಿ, ಮುಖ ತಿರುಗಿಸಿ ಸೀನಿತು. ಆಗ ಹೊಳೆಯಿತು. ಅದರ ಕೆನ್ನೆ ಒರಗಿದ್ದು ಸರಿಯಾಗಿ ಬಾಮ್ ಹಚ್ಚಿದ ಜಾಗಕ್ಕೆ. ಅಂಥ ಬಾಮುಗಳಲ್ಲಿ ಕರ್ಪೂರ, ಮೆಂಥಾಲ್, ವಿಂಟರ್‌ಗ್ರೀನ್ ಎಣ್ಣೆ ಇರುತ್ತವೆ. ಕರ್ಪೂರ ಹೊಟ್ಟೆಗೆ ಹೋದರೆ ಎಳೆಮಕ್ಕಳಿಗೆ ಫಿಟ್ಸ್ ಬರಬಹುದು. ಮೆಂಥಾಲಿನ ಘಾಟು ಮೂಗಿನ ಹತ್ತಿರ ಬಂದರೆ ಕೂಸಿನ ಉಸಿರು ಕ್ಷಣ ಹಿಡಿದುಕೊಳ್ಳಬಹುದು. ಸೊಂಟನೋವಿಗಾದರೆ ಸರಿ, ಮಗುವಿನ ಮುಖ ತಾಗುವ ಮಣಿಕಟ್ಟಿಗೆ ಬೇಡ. ಡೈಕ್ಲೋಫೆನಾಕ್ ಜೆಲ್ ಆದೀತು, ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಅದನ್ನೂ ಹಾಲು ಕೊಟ್ಟಾದ ಮೇಲೆ ಕಡಲೆಕಾಳಿನಷ್ಟು ಹಚ್ಚಿ, ಮತ್ತೆ ಮಗುವನ್ನು ಎತ್ತುವ ಮೊದಲು ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿ ತೆಗೆಯಬೇಕು. ಹಚ್ಚಿದ ಬೆರಳು ತೊಳೆಯದೆ ಮೊಲೆ ಮುಟ್ಟಬಾರದು.

ಉಳುಕು ತೆಗೆಯುವವರ ಹತ್ತಿರ ಹೋಗಿ ಕೈ ಎಳೆಸಿಕೊಂಡು ಬಂದವರನ್ನೂ ಕಂಡಿದ್ದೇನೆ. ಇದು ಉಳುಕಲ್ಲ. ಊದಿ ಬಿಗಿದ ಒರೆಯ ಮೇಲೆ ಒತ್ತಿ ತಿಕ್ಕಿದರೆ ಇನ್ನಷ್ಟು ಊದುತ್ತದೆ. ಹಣೆಪಟ್ಟಿ ಇಲ್ಲದ ನೋವಿನ ಪುಡಿ, ಗುಳಿಗೆಗಳಂತೂ ಬೇಡವೇ ಬೇಡ. ಅದರಲ್ಲಿ ಏನಿದೆಯೆಂದು ಗೊತ್ತಾಗದಿದ್ದರೆ ಹಾಲಿಗೆ ಏನು ಇಳಿಯುತ್ತದೆಂದೂ ಗೊತ್ತಾಗುವುದಿಲ್ಲ.

ಇಷ್ಟಕ್ಕೂ ಬಗ್ಗದಿದ್ದರೆ ಒರೆಯೊಳಗೆ ಸ್ಟಿರಾಯ್ಡ್ ಇಂಜೆಕ್ಷನ್. ಸ್ಟಿರಾಯ್ಡ್ ಅನ್ನುವ ಹೆಸರಿಗೇ ಬೆಚ್ಚುವವರಿದ್ದಾರೆ. ಒಂದೇ ಜಾಗಕ್ಕೆ ಸಣ್ಣ ಪ್ರಮಾಣದಲ್ಲಿ ಕೊಡುವ ಇದರಿಂದ ಹಾಲು ನಿಲ್ಲಿಸಬೇಕಾಗಿಲ್ಲ. ಕೆಲವರಿಗೆ ಕೆಲವು ದಿನ ಹಾಲು ಕಡಿಮೆಯಾದದ್ದು ವರದಿಯಾಗಿದೆ, ಮಗುವನ್ನು ಮತ್ತೆ ಮತ್ತೆ ಎದೆಗೆ ಹಾಕುತ್ತಿರಬೇಕು. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಬಂದಿದ್ದವರು ಮೊದಲೇ ಹೇಳಬೇಕು. ಚುಚ್ಚಿದ ಜಾಗದ ಚರ್ಮ ಬೆಳ್ಳಗಾಗುವುದುಂಟು, ನಮ್ಮ ಮೈಬಣ್ಣದಲ್ಲಿ ಅದು ಎದ್ದು ಕಾಣುತ್ತದೆ, ಮಾಯಲು ತಿಂಗಳುಗಳೇ ಹಿಡಿಯುತ್ತವೆ. ಇದನ್ನು ಮುಂಚೆಯೇ ಹೇಳಿದರೆ ಆಮೇಲೆ ತೊನ್ನು ಅಂತ ಗಾಬರಿಯಾಗುವುದು ತಪ್ಪುತ್ತದೆ. ಕೆಲವರ ಸುರಂಗದಲ್ಲಿ ಎರಡು ರಜ್ಜುಗಳ ನಡುವೆ ಗೋಡೆಯಿರುತ್ತದೆ. ಅಂಥವರಿಗೆ ಔಷಧಿ ಒಂದೇ ಕೋಣೆಗೆ ಸೇರಿ ಫಲ ಅರ್ಧವಾಗುವುದೂ ಇದೆ. ಕೊನೆಗೂ ಉಳಿಯುವ ಕೆಲವರಿಗೆ ಜಾಗ ಮರಗಟ್ಟಿಸಿ ಒರೆಯನ್ನು ಸೀಳುವ ಸಣ್ಣ ಆಪರೇಷನ್. ಅದಾದ ಮೇಲೂ ಹಾಲು ಕೊಡಬಹುದು.

ಹಾಲು ಬಿಡಿಸಿದರೆ ನೋವು ಹೋಗುತ್ತದೆ ಅನ್ನುವ ಸಲಹೆಯೂ ನನಗೆ ಸಿಕ್ಕಿತ್ತು. ಬಹಳ ಜನರಿಗೆ ಮಗು ಬೆಳೆದಂತೆ ಕೆಲವು ತಿಂಗಳಲ್ಲಿ ಇದು ಇಳಿಯುತ್ತದೆ ನಿಜ. ಆದರೆ ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಬೇರೆ ಊಟದ ಜೊತೆ ಎರಡು ವರ್ಷ ಮತ್ತು ಅದರಾಚೆಗೂ ಎದೆಹಾಲು ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೆಬ್ಬೆರಳಿಗಾಗಿ ಅದನ್ನು ಕೈಬಿಡುವಂಥ ಪ್ರಮೇಯ ಇಲ್ಲ.

ಎಲ್ಲ ಮಣಿಕಟ್ಟು ನೋವೂ ಇದೇ ಅಲ್ಲ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು, ಕೈ ಕೊಡವಿಕೊಂಡು ಏಳುವಂತಾದರೆ ಅದು ಅಂಗೈ ಕಡೆಯ ಸುರಂಗದಲ್ಲಿ ನರ ಒತ್ತಿಕೊಂಡದ್ದು. ಬಸಿರಿನಲ್ಲೇ ಶುರುವಾಗಿ ಹೆರಿಗೆಯ ಮೇಲೂ ಉಳಿಯಬಹುದು, ಅದರ ಪಟ್ಟಿಯೇ ಬೇರೆ. ಎರಡೂ ಕೈಯ ಗೆಣ್ಣುಗಳು ಊದಿ, ಬೆಳಿಗ್ಗೆ ಎದ್ದಾಗ ಬಹಳ ಹೊತ್ತು ಬಿಗಿದುಕೊಂಡಿದ್ದರೆ ಸಂಧಿವಾತದ ಪರೀಕ್ಷೆ ಬೇಕು. ಹೆರಿಗೆಯ ನಂತರದ ತಿಂಗಳುಗಳಲ್ಲಿ ಅದು ತಲೆಯೆತ್ತುವುದುಂಟು. ಬಿದ್ದ ಮೇಲೆ ಬಂದ ನೋವು, ಕೆಂಪಗೆ ಬಿಸಿಯಾಗಿ ಜ್ವರದ ಜೊತೆ ಬಂದ ಊತ ಇವುಗಳಿಗೆ ಒಂದು ದಿನವೂ ಕಾಯಬಾರದು.

ನನ್ನದು ಪಟ್ಟಿ, ಬೊಗಸೆ, ದಿಂಬು, ಹತ್ತು ದಿನದ ಮಾತ್ರೆಯಲ್ಲೇ ಹತೋಟಿಗೆ ಬಂತು, ಪೂರ್ತಿ ಹೋಗಲು ನಾಲ್ಕು ತಿಂಗಳಾಯಿತು. ಆ ನಾಲ್ಕು ತಿಂಗಳೂ ಮಗುವನ್ನು ತೊಟ್ಟಿಲಿನಿಂದ ಎತ್ತಿ ಎತ್ತಿ ಕೊಟ್ಟವಳು ಅಮ್ಮ. ನಾನು ಬೆಂಗಳೂರಿಗೆ ಹೊರಡುವ ಹಿಂದಿನ ರಾತ್ರಿ, ಅಜ್ಜಿ ಮಲಗಿದ್ದನ್ನು ನೋಡಿಕೊಂಡು ಬಂದು ಪಕ್ಕದಲ್ಲಿ ಕೂತಳು. ಬಲಗೈ ಚಾಚಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಮುಷ್ಟಿ ಕಟ್ಟಿದಳು.

“ಇದನ್ನ ಯಾವ್ ಕಡೆಗ್ ಬಾಗಿಸ್ಬೇಕು ಅಂದ್ಯೇ?”